ಮೂರು ಟೋಪಿ, ಒಂದು ಲಾರಿ

ಅಕ್ಕ ಯಾವುದನ್ನೇ ನಂಬಬೇಕಾದರೂ ಮೊದಲು ಅದನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಬೇಕು. ಅದು ಅವಳ ಕೆಲಸವೂ ಹೌದು, ಚಟವೂ ಹೌದು. ಅವಳೂ ಅವಳ ತಮ್ಮನೂ ಸೇರಿ ನಡೆಸುತ್ತಿದ್ದ ಕಾರ್ಖಾನೆಯಲ್ಲಿ ಕೈ ತೊಳೆಯುವ ಪಿಂಗಾಣಿ ಬೇಸಿನ್‌ಗಳು ತಯಾರಾಗುತ್ತಿದ್ದವು. ತಮ್ಮ ಭಟ್ಟಿ ನೋಡಿಕೊಳ್ಳುತ್ತಿದ್ದ. ಭಟ್ಟಿಯಿಂದ ಹೊರಬಂದದ್ದನ್ನು ಅಕ್ಕ ಕುಟ್ಟುತ್ತಿದ್ದಳು. ಟಣ್ ಎಂದರೆ ಮಾಲು ಗಟ್ಟಿ. ಟಪ್ ಎಂದರೆ ಒಳಗೆಲ್ಲೋ ಕೂದಲೆಳೆಯ ಬಿರುಕಿದೆ, ಕಣ್ಣಿಗೆ ಕಾಣದಿದ್ದರೂ ಇದೆ, ಎತ್ತಿ ಮೂಲೆಗಿಡು. ಅವಳ ಕಿವಿ ಒಮ್ಮೆಯೂ ತಪ್ಪಿದ್ದಿಲ್ಲ ಎಂದು ಕೆಲಸದವರೆಲ್ಲ ಆಣೆ ಹಾಕಿ ಹೇಳುತ್ತಿದ್ದರು. ಹೀಗೆ ಕುಟ್ಟಿ ಕುಟ್ಟಿ ಆ ಅಭ್ಯಾಸ ಅವಳ ಹಿಂದೆಯೇ ಕಾರ್ಖಾನೆಗೆ ಅಂಟಿಕೊಂಡಿದ್ದ ಮನೆಗೂ ಬಂದುಬಿಟ್ಟಿತ್ತು. ಬಾಗಿಲು, ಬಕೆಟ್ಟು, ಕಲ್ಲಂಗಡಿ, ಹೊಸ ಚಪ್ಪಲಿಯ ಅಟ್ಟೆ, ಒಂದು ಸಲ ತಮ್ಮನ ತಲೆ, ಯಾವುದನ್ನೂ ಅವಳು ಬಿಟ್ಟಿರಲಿಲ್ಲ. ತಮ್ಮನ ತಲೆ ಟಣ್ ಎಂದಿತೋ ಟಪ್ ಎಂದಿತೋ ಅವಳು ಇವತ್ತಿಗೂ ಬಾಯಿ ಬಿಟ್ಟಿಲ್ಲ, ಅವನೂ ಕೇಳುವ ಧೈರ್ಯ ಮಾಡಿಲ್ಲ.

ಅವಳಿಗೆ ಇನ್ನೊಂದು ಚಟವಿತ್ತು, ಬಿಗಿಯುವುದು. ಅವಳು ನಿಲ್ಲಿಸಿದ ನಲ್ಲಿಯನ್ನು ಮತ್ತೆ ತಿರುಗಿಸಲು ಮನೆಯಲ್ಲಿ ಒಬ್ಬರಿಗೂ ಆಗುತ್ತಿರಲಿಲ್ಲ. ಅವಳು ಮುಚ್ಚಿದ ಡಬ್ಬಿ ಅವಳೇ ಬಂದು ತೆಗೆಯುವ ತನಕ ಮುಚ್ಚಿಯೇ ಇರಬೇಕು. ಚಿಕ್ಕವರಿದ್ದಾಗ ಶಾಲೆಗೆ ಹೊರಟ ತಮ್ಮನ ಬೂಟಿನ ಲೇಸನ್ನು ಅವಳೇ ಕಟ್ಟುತ್ತಿದ್ದಳು. ಸಂಜೆ ಮನೆಗೆ ಬಂದವನ ಪಾದ ಬದನೆಕಾಯಿ ಬಣ್ಣಕ್ಕೆ ತಿರುಗಿರುತ್ತಿತ್ತು. ತಮ್ಮ ಬೆನ್ನ ಹಿಂದೆ ಅವಳನ್ನು ಬಿಗಿಯಕ್ಕ ಎನ್ನುತ್ತಿದ್ದ. ಕಾರ್ಖಾನೆಯಲ್ಲಿ ಬೇಸಿನ್ನಿನ ಪೆಟ್ಟಿಗೆ ಕಟ್ಟುವ ಕೆಲಸವನ್ನೂ ಅವಳು ಬೇರೆಯವರಿಗೆ ಬಿಟ್ಟುಕೊಟ್ಟವಳಲ್ಲ. ಮರದ ಪಟ್ಟಿಗಳ ಪೆಟ್ಟಿಗೆಯಲ್ಲಿ ಬೇಸಿನ್ ಕೂರಿಸಿ, ಮೇಲೆ ಸ್ಪಂಜು ಇಟ್ಟು, ಮುಚ್ಚಳದ ಹಲಗೆ ಮುಚ್ಚಿ, ಇಡೀ ಪೆಟ್ಟಿಗೆಗೆ ಒಂದು ಬೆಲ್ಟು ಸುತ್ತಬೇಕು. ಬೆಲ್ಟಿನ ಕೊಂಡಿಗೆ ಹಲ್ಲುಗಳಿದ್ದವು. ಹಿಡಿ ಎಳೆದಂತೆಲ್ಲ ಕಟ್ ಕಟ್ ಎಂದು ಒಂದೊಂದೇ ಹಲ್ಲು ಬಿಗಿಯಾಗುತ್ತಿತ್ತು. ಬೇರೆ ಯಾರಾದರೂ ಆದರೆ ಸಾಕೆನ್ನಿಸಿದಲ್ಲಿಗೆ ನಿಲ್ಲಿಸುತ್ತಿದ್ದರು. ಅಕ್ಕ ಪೆಟ್ಟಿಗೆಯ ಮೇಲೆ ಮಂಡಿಯೂರಿ, ಉಸಿರು ಕಟ್ಟಿ, ಇನ್ನೊಂದು ಹಲ್ಲು ಎಳೆಯುತ್ತಿದ್ದಳು.

ಆ ಪೆಟ್ಟಿಗೆಗಳನ್ನು ಮೊದಲಿನಿಂದಲೂ ಸಾಗಿಸುತ್ತಿದ್ದವರು ಮಾವ, ಎಂದರೆ ಅವರ ಅಮ್ಮನ ತಮ್ಮ. ಅಮ್ಮ ಹೋದ ಮೇಲೆ ಈ ಇಬ್ಬರನ್ನೂ ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡೇ ದೊಡ್ಡವರನ್ನಾಗಿ ಮಾಡಿದ ಮನುಷ್ಯ. ಮಾವನಿಗೆ ಹೆಂಡತಿ ಮಕ್ಕಳಿಲ್ಲ, ಆ ಲಾರಿಯೇ ಎಲ್ಲ. ಪೆಟ್ಟಿಗೆ ಕಟ್ಟುವುದು ಅವರ ಲಾರಿ ಬಾಗಿಲಿಗೆ ಬಂದು ನಿಂತ ಮೇಲೆಯೇ. ಅಕ್ಕ ಕಟ್ಟುತ್ತಿದ್ದಳು, ಮಾವ ಹೊತ್ತುಕೊಂಡು ಹೋಗಿ ಅಕ್ಕಪಕ್ಕದ ಊರುಗಳಿಗೆ ಮುಟ್ಟಿಸಿ ಬರುತ್ತಿದ್ದರು. ಒಂದೂ ಒಡೆದದ್ದಿಲ್ಲ. ಬಾಡಿಗೆ ಇದ್ದ ದಿನ ಅಕ್ಕ ಕಟ್ಟಿಕೊಟ್ಟ ಊಟದ ಡಬ್ಬಿ, ಇಲ್ಲದ ದಿನ ಮಧ್ಯಾಹ್ನ ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿ. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

ಹೀಗಿರುವಾಗ ದೇಶದ ಆ ತುದಿಯಿಂದ ಒಂದು ದೊಡ್ಡ ಹೋಟೆಲಿನವರು ಆರ್ಡರು ಕೊಟ್ಟರು. ಎಲ್ಲ ಕೋಣೆಗೂ ಇವರದೇ ಬೇಸಿನ್. ಮೊದಲ ಕಂತು ಒಡೆಯದೆ ಬಂದರೆ ಉಳಿದ ಹೋಟೆಲುಗಳಿಗೂ ಇಲ್ಲಿಂದಲೇ ತರಿಸುತ್ತೇವೆ, ಒಡೆದು ಬಂದರೆ ನಮಸ್ಕಾರ ಎಂದಿದ್ದರು. ಕಾರ್ಖಾನೆ ಹೇಗೋ ಕುಂಟುತ್ತಾ ನಡೆಯುತ್ತಿದ್ದ ಕಾಲ ಅದು. ಈ ಆರ್ಡರು ಕೈತಪ್ಪಿದರೆ ಒಂದು ಭಟ್ಟಿಯನ್ನು ಆರಿಸಲೇಬೇಕು ಎಂಬುದು ಅಕ್ಕನಿಗೂ ತಮ್ಮನಿಗೂ ಗೊತ್ತಿತ್ತು. ಅಷ್ಟು ದೂರ ಬರೀ ರಸ್ತೆಯಲ್ಲಿ ಕಳಿಸಿದರೆ ಕುಲುಕಾಟಕ್ಕೆ ಉಳಿಯುವುದು ಕಷ್ಟ. ಅದಕ್ಕೇ ಈಗ ಲಾರಿ, ರೈಲು ಎರಡನ್ನೂ ಜೋಡಿಸುವ ಕಂಪನಿಗಳಿವೆಯಂತೆ. ಬಾಗಿಲಿಂದ ರೈಲಿನ ಯಾರ್ಡಿನ ತನಕ ಲಾರಿ, ನಡುವಿನ ದೂರವೆಲ್ಲ ರೈಲು, ಆ ಕಡೆ ಮತ್ತೆ ಲಾರಿ. ಅಂಥವರನ್ನು ಕರೆಸಿ ನೋಡೋಣ ಎಂದು ಅಕ್ಕ ಊಟದ ಹೊತ್ತಿನಲ್ಲಿ ಕೆಲಸದವರೆಲ್ಲರ ಎದುರಿಗೇ ಹೇಳಿದಳು.

ಮಾವ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, ನಾನಿರುವಾಗ ಕಂಪನಿ ಯಾಕೆ, ನಾನೇ ಹೋಗಿಬರುತ್ತೇನೆ ಎಂದರು. ಅಕ್ಕ ಅಲ್ಲಿಗೇ ಸುಮ್ಮನಾಗಬಹುದಿತ್ತು. ಆದರೆ ನಾಲಿಗೆ ಕೇಳಬೇಕಲ್ಲ.

"ಅಷ್ಟು ದೂರ ಹೋಗೋ ಹೊತ್ತಿಗೆ ಬೇಸಿನ್ ಹಾಗಿರಲಿ ಮಾವ, ನಿಮ್ಮ ಸೊಂಟಾನೇ ಟಪ್ ಅಂತಿರುತ್ತೆ."

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಕೈ ತೊಳೆದು ಎದ್ದು, ಬಾಗಿಲ ಹತ್ತಿರ ನಿಂತು, "ಸರಿ ಕಣಮ್ಮ. ಇನ್ನು ಮೇಲೆ ನಿನ್ನ ಮಾವನಾಗಿ ನಾನು ಈ ಮನೆ ಮಾಲನ್ನ ಮುಟ್ಟಿದ್ರೆ ಕೇಳು" ಎಂದು ಹೇಳಿ ಹೊರಟುಹೋದರು. ಮಾರನೆಯ ದಿನ ಕಿಟಕಿ ಪಕ್ಕದ ಕುರ್ಚಿ ಖಾಲಿಯಿತ್ತು. ಅದರ ಮರುದಿನವೂ ಹಾಗೆಯೇ. ಮುಖ ಊದಿಸಿಕೊಂಡಿದ್ದಾರೆ, ಎರಡು ದಿನ ಬಿಟ್ಟರೆ ತಾನಾಗಿಯೇ ಇಳಿಯುತ್ತದೆ ಎಂದುಕೊಂಡು ಅಕ್ಕ ಕಂಪನಿಯವರನ್ನು ಕರೆಸಿದಳು.

ಮೊದಲು ಬಂದವನದು ಕೆಂಪು ಕಂಪನಿ. ಅವನು ಗೇಟಿನಿಂದಲೇ ಹಲ್ಲು ಬಿಟ್ಟುಕೊಂಡು ಬಂದವನು ಹೋಗುವ ತನಕ ಮುಚ್ಚಲಿಲ್ಲ. ಅವನಿಗೆ ತಮ್ಮ ನಗುಮುಖ ಎಂದು ಹೆಸರಿಟ್ಟ. ದರ ಎಲ್ಲರಿಗಿಂತ ಕಡಿಮೆ, ವಿಮೆ ಇದೆ, ಒಡೆದರೂ ಚಿಂತೆ ಇಲ್ಲ ಎಂದ. ಒಡೆದರೂ ಚಿಂತೆಯಿಲ್ಲದವನ ಕೈಗೆ ಪಿಂಗಾಣಿ ಕೊಡುವುದು ಹೇಗೆ ಎಂದು ಅಕ್ಕನಿಗೆ ಚಿಂತೆಯಾಯಿತು. ಎರಡನೆಯದು ನೀಲಿ ಕಂಪನಿ. ಅವನ ಫೋನಿನಲ್ಲಿ ಒಂದು ನಕ್ಷೆ, ನಕ್ಷೆಯಲ್ಲಿ ಒಂದು ಚುಕ್ಕೆ. ನಿಮ್ಮ ಪೆಟ್ಟಿಗೆ ಎಲ್ಲಿದ್ದರೂ ಚುಕ್ಕೆ ತೋರಿಸುತ್ತದೆ ಎಂದು ಅಡುಗೆಮನೆಯ ಮೇಜಿನ ಮೇಲೆ ಬೆರಳಾಡಿಸಿ ತೋರಿಸಿದ. ಅವನು ಚುಕ್ಕೆರಾಯನಾದ. ಮೂರನೆಯದು ಹಳದಿ ಕಂಪನಿ. ಆ ಮನುಷ್ಯ ಏನು ಕೇಳಿದರೂ ಗಡ್ಡ ಕೆರೆದುಕೊಂಡು ನೋಡೋಣ ಎನ್ನುತ್ತಿದ್ದ. ದರ ಕಡಿಮೆ ಮಾಡ್ತೀರಾ? ನೋಡೋಣ. ಹೇಳಿದ ದಿನಕ್ಕೆ ಮುಟ್ಟುತ್ತಾ? ರೈಲು ತುಂಬಿದ ಮೇಲೇ ಹೊರಡುತ್ತೆ, ನೋಡೋಣ. ಅವನಿಗೆ ಹೆಸರಿಡುವ ಶ್ರಮವೇ ತಮ್ಮನಿಗೆ ಬೀಳಲಿಲ್ಲ. ನಾಲ್ಕನೆಯ ಕಂಪನಿಯವನೂ ಒಬ್ಬನಿದ್ದ. ಇಗೋ ಬಂದೆ, ದಾರಿಯಲ್ಲೇ ಇದ್ದೇನೆ ಎಂದು ಫೋನಿನಲ್ಲಿ ಹೇಳಿದ್ದ. ಇಂದಿಗೂ ದಾರಿಯಲ್ಲೇ ಇದ್ದಾನೆ.

ಅಕ್ಕ ಎಲ್ಲರಿಗೂ ಕೇಳಿದ್ದು ಎರಡೇ ಪ್ರಶ್ನೆ. ನನ್ನ ಪೆಟ್ಟಿಗೆಯನ್ನು ದಾರಿಯಲ್ಲಿ ಎಷ್ಟು ಸಲ ಎತ್ತಿ ಇಳಿಸುತ್ತೀರಿ? ನಮ್ಮ ಬಾಗಿಲಿಗೆ ಬರುವ ಲಾರಿ ಯಾರದು? ಮೊದಲ ಪ್ರಶ್ನೆಗೆ ನಗುಮುಖ ನಕ್ಕ, ಚುಕ್ಕೆರಾಯ ಚುಕ್ಕೆ ತೋರಿಸಿದ. ಡಬ್ಬದಂಥ ದೊಡ್ಡ ಕಂಟೇನರನ್ನೇ ಕ್ರೇನಿನಿಂದ ಎತ್ತಿ ರೈಲಿನ ಮೇಲೆ ಇಡುತ್ತೇವೆ, ಒಳಗಿನ ಪೆಟ್ಟಿಗೆಯನ್ನು ಯಾರೂ ಮುಟ್ಟುವುದಿಲ್ಲ ಎಂದು ಹಳದಿಯವನು ಬಿಡಿಸಿ ಹೇಳಿದ. ಎರಡನೆಯ ಪ್ರಶ್ನೆಗೆ ಕೆಂಪಿನವನೂ ನೀಲಿಯವನೂ ಸ್ವಂತ ಲಾರಿ, ಸ್ವಂತ ಚಾಲಕ, ವಿಶೇಷ ತರಬೇತಿ ಎಂದು ಎದೆ ತಟ್ಟಿಕೊಂಡರು. ಹಳದಿಯವನು ಮಾತ್ರ ಲಾರಿ ನಮ್ಮದಲ್ಲ, ಊರಲ್ಲಿ ಯಾರು ಬಾಡಿಗೆಗೆ ಸಿಗುತ್ತಾರೋ ನೋಡೋಣ ಎಂದ. ಸ್ವಂತಕ್ಕೊಂದು ಲಾರಿಯೂ ಇಲ್ಲದ ಕಂಪನಿ ಎಂದು ಅಕ್ಕ ಅವನನ್ನು ಮನಸ್ಸಿನಲ್ಲೇ ಕೊನೆಗೆ ತಳ್ಳಿದಳು.

ಮಾತಿನಲ್ಲಿ ಎಲ್ಲರೂ ಗಟ್ಟಿಯೇ, ಕುಟ್ಟಿ ನೋಡಬೇಕು. ಅಕ್ಕ ಪ್ರತಿ ಕಂಪನಿಗೂ ಒಂದೊಂದು ಬೇಸಿನ್ ಕೊಡುವುದೆಂದು ತೀರ್ಮಾನಿಸಿದಳು. ಅದು ಹೋಟೆಲಿನವರ ಉಗ್ರಾಣದ ತನಕ ಹೋಗಿ, ಪೆಟ್ಟಿಗೆ ತೆರೆಯದೆ ಹಾಗೇ ವಾಪಸು ಬರಬೇಕು. ಬಂದದ್ದನ್ನು ಅವಳು ಕುಟ್ಟುತ್ತಾಳೆ. ಟಣ್ ಎಂದವನಿಗೆ ಆರ್ಡರು. ಬಾರದ ನಾಲ್ಕನೆಯವನ ಹೆಸರಿಗೂ ಸೇರಿಸಿ ನಾಲ್ಕು ಬೇಸಿನ್ ಆರಿಸಿ, ನಾಲ್ಕನ್ನೂ ಕುಟ್ಟಿ, ಟಣ್ ಎಂದ ಮೇಲೆ ಒಂದೇ ಬೆಳಗ್ಗೆ ನಾಲ್ಕು ಪೆಟ್ಟಿಗೆ ಕಟ್ಟಿದಳು. ಪರೀಕ್ಷೆಯ ಪೆಟ್ಟಿಗೆಗಳಲ್ಲವೇ, ಎಂದಿಗಿಂತ ಎರಡು ಹಲ್ಲು ಹೆಚ್ಚೇ ಎಳೆದಳು.

ಮೊದಲ ದಿನ ಕೆಂಪು ಕಂಪನಿಯ ಲಾರಿ ಬರಬೇಕಿತ್ತು. ಗೇಟಿನಾಚೆ ಹಾರ್ನು ಕೇಳಿಸಿತು. ತಮ್ಮ ಭಟ್ಟಿಯ ಹತ್ತಿರದಿಂದ ಇಣುಕಿ ನೋಡಿ, ಮುಖ ಗಂಭೀರ ಮಾಡಿಕೊಂಡು ಒಳಗೆ ಬಂದ.

"ಅಕ್ಕಾ, ಕಂಪನಿಯ ಸ್ವಂತ ಲಾರಿ ಬಂತು. ಹಾರ್ನು ಎಲ್ಲೋ ಕೇಳಿದ ಹಾಗಿದೆ."

ಮಾವ ಲಾರಿಯಿಂದ ಇಳಿದರು. ತಲೆಯ ಮೇಲೆ ಕಿವಿ ಮುಚ್ಚುವಷ್ಟು ದೊಡ್ಡದಾದ ಒಂದು ಕೆಂಪು ಟೋಪಿ. ಲಾರಿಯ ಬಾಗಿಲಿಗೆ ಕಂಪನಿಯ ಕೆಂಪು ಬೋರ್ಡನ್ನು ಹಗ್ಗದಿಂದ ಕಟ್ಟಿದ್ದರು. ಅವರು ಅಕ್ಕನ ಮುಖ ನೋಡದೆ ಅವಳ ಹಿಂದಿನ ಗೋಡೆಗೆ ಹೇಳಿದರು.

"ನಮಸ್ಕಾರ ಮೇಡಂ. ಕಂಪನಿಯಿಂದ ಬಂದಿದೀನಿ. ಮಾಲು ಎಲ್ಲಿದೆ?"

ಮಾವನಾಗಿ ಮುಟ್ಟುವುದಿಲ್ಲ ಎಂದಿದ್ದರಲ್ಲ, ಆ ಮಾತಿಗೆ ಒಂದು ಚೂರೂ ಭಂಗ ಬಂದಿರಲಿಲ್ಲ. ಅಕ್ಕನಿಗೆ ನಗು ಉಕ್ಕಿ ಬಂತು, ತಡೆದುಕೊಂಡಳು. "ಒಳಗಿದೆ ಡ್ರೈವರೇ. ಊಟ ಆಯ್ತಾ?" ಎಂದು ಕೇಳಿದಳು. ಡ್ಯೂಟಿಯ ಮೇಲಿರುವಾಗ ಪಾರ್ಟಿಯವರ ಮನೆಯಲ್ಲಿ ಊಟ ಮಾಡುವ ಹಾಗಿಲ್ಲ, ಕಂಪನಿ ರೂಲ್ಸು ಎಂದು ಗೋಡೆಗೆ ಉತ್ತರ ಸಿಕ್ಕಿತು. ಹಾಗಾದರೆ ಡಬ್ಬಿ ಕಟ್ಟಿಕೊಡಬಹುದಾ ಎಂದಳು. ಸೀಟಿನ ಮೇಲೆ ಯಾರು ಏನು ಬಿಟ್ಟು ಹೋದರೂ ಅದಕ್ಕೆ ಕಂಪನಿ ಜವಾಬ್ದಾರಿಯಲ್ಲ ಎಂದರು ಮಾವ. ಡಬ್ಬಿ ಸೀಟಿನ ಮೇಲೆ ಹೋಗಿ ಕೂತಿತು. ತಮ್ಮ ಭಟ್ಟಿಯ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಮಾವ ಜೇಬಿನಿಂದ ಸೀಲು ತೆಗೆದು ಬೆಲ್ಟಿನ ಕೊಂಡಿಗೆ ಹಾಕಿದರು. ಸೀಲು ಬಿದ್ದ ಮೇಲೆ ಪೆಟ್ಟಿಗೆಗೆ ಯಾರೂ ಕೈ ಹಾಕುವ ಹಾಗಿಲ್ಲ, ತಾನೂ ಸೇರಿ ಎಂದು ಗತ್ತಿನಿಂದ ಹೇಳಿ ಪೆಟ್ಟಿಗೆ ಎತ್ತಲು ಬಗ್ಗಿದರು. ಬೆಲ್ಟಿನ ಕೆಳಗೆ ಬೆರಳು ತೂರಿಸಲು ನೋಡಿದರು, ತೂರಲಿಲ್ಲ. ಅಭ್ಯಾಸದಂತೆ ಕೈ ಕೊಂಡಿಯ ಕಡೆ ಹೋಯಿತು. ಸೀಲು ಕಣ್ಣಿಗೆ ಬಿದ್ದು ಕೈ ಹಿಂದೆ ಬಂತು. ಕೊನೆಗೆ ಇಡೀ ಪೆಟ್ಟಿಗೆಯನ್ನು ಮಗುವನ್ನು ಅಪ್ಪಿಕೊಂಡಂತೆ ಅಪ್ಪಿ ಎತ್ತಿ, ಮುಖ ಕೆಂಪಗೆ ಮಾಡಿಕೊಂಡು ಲಾರಿಗೆ ಸಾಗಿಸಿದರು. ಟೋಪಿಗೂ ಮುಖಕ್ಕೂ ಬಣ್ಣ ಹೊಂದಿತು ಎಂದು ತಮ್ಮ ಪಿಸುಗುಟ್ಟಿದ.

ಎರಡು ದಿನ ಬಿಟ್ಟು ನೀಲಿ ಕಂಪನಿಯ ಸ್ವಂತ ಲಾರಿ ಬಂತು. ಅದೇ ಹಾರ್ನು, ನೀಲಿ ಟೋಪಿ, ಗೋಡೆಗೆ ನಮಸ್ಕಾರ. ಮೊನ್ನೆ ಕೆಂಪು ಕಂಪನಿಯಿಂದ ಒಬ್ಬರು ಬಂದಿದ್ದರು, ನೀವು ಅವರಿಗೆ ಏನಾಗಬೇಕು ಎಂದು ಅಕ್ಕ ಕೇಳಿದಳು. ಕೆಂಪಿನವರ ವಿಷಯ ನನಗೆ ಗೊತ್ತಿಲ್ಲ, ಜನ ಒಳ್ಳೆಯವರು ಎಂದು ಕೇಳಿದ್ದೇನೆ ಎಂದರು ಮಾವ. ಆಮೇಲೆ ಹಳದಿ ಟೋಪಿ ಬಂತು. ಈ ಊರಿನಲ್ಲಿ ಬಾಡಿಗೆಗೆ ಸಿಗುವ ಸರಿಯಾದ ಲಾರಿ ಎಂದರೆ ಅದೊಂದೇ. ಸ್ವಂತ ಲಾರಿ ಎಂದು ಎದೆ ತಟ್ಟಿಕೊಂಡವರು ಬಿಟ್ಟದ್ದು ಬರೀ ರೈಲು ಎಂದು ಅಕ್ಕನಿಗೆ ಆಗ ಗೊತ್ತಾಯಿತು. ಆದರೂ ಅವಳಿಗೆ ಒಳಗೊಳಗೇ ಸಮಾಧಾನವಾಗಿತ್ತು. ಟೋಪಿ ಯಾವುದಾದರೇನು, ಡಬ್ಬಿ ಖಾಲಿಯಾಗಿ ವಾಪಸು ಬರುತ್ತಿತ್ತು.

ಪೆಟ್ಟಿಗೆಗಳು ಒಂದೊಂದಾಗಿ ಹಿಂತಿರುಗಿದವು. ಒಂದನ್ನು ಮೊದಲು ತೆರೆದರೆ ಮನಸ್ಸು ಅತ್ತ ವಾಲುತ್ತದೆ ಎಂದು ಮೂರೂ ಬರುವ ತನಕ ಅಕ್ಕ ಯಾವುದನ್ನೂ ತೆರೆಯಲಿಲ್ಲ. ಕೊನೆಯದನ್ನು ತಂದ ಮಾವ ಅಂದು ಹಳದಿ ಟೋಪಿಯಲ್ಲಿದ್ದರು. ಫಲಿತಾಂಶ ನೋಡಿಕೊಂಡು ಹೋಗಲು ಕಂಪನಿ ಹೇಳಿದೆ ಎಂದು ಸುಳ್ಳು ಹೇಳಿ ಅಂಗಳದಲ್ಲೇ ನಿಂತರು. ಕೆಲಸದವರೆಲ್ಲ ಸುತ್ತ ಸೇರಿದರು. ಅಕ್ಕ ಮೂರೂ ಬೇಸಿನ್ ಹೊರತೆಗೆದು ಸಾಲಾಗಿ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮೊದಲನೆಯದನ್ನು ಕುಟ್ಟಿದಳು.

ಟಪ್.

ಎರಡನೆಯದೂ ಟಪ್. ಮೂರನೆಯದನ್ನು ಕುಟ್ಟುವ ಮೊದಲು ಅವಳು ಸ್ವಲ್ಪ ತಡೆದಳು. ಅದೂ ಟಪ್ ಎಂದಿತು.

ಮೂರು ಕಂಪನಿ, ಮೂರು ರೈಲು, ಬೇರೆ ಬೇರೆ ದಿನ. ಮೂರಕ್ಕೂ ಸಾಮಾನ್ಯವಾಗಿದ್ದದ್ದು ಒಂದೇ. ಎಲ್ಲರ ಕಣ್ಣೂ ಗೇಟಿನ ಹತ್ತಿರ ನಿಂತಿದ್ದ ಲಾರಿಯ ಕಡೆ ಹೋಯಿತು. ಅಕ್ಕನ ಕಣ್ಣೂ ಹೋಯಿತು. ಹಾಗೆ ನೋಡಿದ್ದನ್ನು ಮಾವ ನೋಡಿಬಿಟ್ಟರು.

ಅವರು ಹಳದಿ ಟೋಪಿ ತೆಗೆದು, ಮಡಿಸಿ, ಜೇಬಿಗಿಟ್ಟರು. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಮುಖ ನೋಡಿ ಮಾತಾಡಿದರು. "ನೀನು ಹೇಳಿದ್ದೇ ಸರಿ ಕಣಮ್ಮ. ಲಾರಿಗೂ ವಯಸ್ಸಾಯ್ತು, ನನಗೂ ಆಯ್ತು. ಬೇರೆ ಲಾರಿ ನೋಡ್ಕೊಳ್ಳೋಕೆ ಹೇಳು ಅವರಿಗೆ."

ಅಲ್ಲ ಮಾವ ಎನ್ನಬೇಕಿತ್ತು. ಒಂದೇ ಒಂದು ಮಾತು ಸಾಕಿತ್ತು. ಅಕ್ಕ ಆ ಮಾತು ಆಡಲಿಲ್ಲ, ಯಾಕೆಂದರೆ ಆ ಗಳಿಗೆಯಲ್ಲಿ ಅವಳು ಅದನ್ನು ನಂಬಿರಲಿಲ್ಲ. ಲಾರಿಯದೇ ತಪ್ಪು ಎಂದು ಅವಳ ಮನಸ್ಸು ಆಗಲೇ ಹೇಳಿಯಾಗಿತ್ತು. ಲಾರಿ ತಿರುಗಿ ಹೋಯಿತು. ಹಾರ್ನು ಕೇಳಿಸಲಿಲ್ಲ. ಮಾವ ಹಾರ್ನು ಹೊಡೆಯದೆ ಆ ಗೇಟಿನಿಂದ ಹೋದದ್ದು ಅದೇ ಮೊದಲು.

ಮರುದಿನ ತಮ್ಮ ಪೇಟೆಯಿಂದ ಬಂದವನು ಅನ್ನ ಬಡಿಸಿದರೂ ಮುಟ್ಟದೆ ಕೂತ. ಲಾರಿ ಸ್ಟ್ಯಾಂಡಿನಲ್ಲಿ ಮಾವನ ಲಾರಿಯ ಗಾಜಿನ ಮೇಲೆ ಸುಣ್ಣದಲ್ಲಿ ಮಾರಾಟಕ್ಕಿದೆ ಎಂದು ಬರೆದಿದೆಯಂತೆ. ಯಾರೋ ಬಂದು ಟಯರು ಒದ್ದು ನೋಡುತ್ತಿದ್ದರಂತೆ. ಅಕ್ಕ ಕಿಟಕಿ ಪಕ್ಕದ ಕುರ್ಚಿಯನ್ನು ನೋಡಿದಳು. ಆ ಲಾರಿಯ ಸೀಟಿನಲ್ಲಿ ತಾನೂ ತಮ್ಮನೂ ಮಾವನ ಎರಡು ಪಕ್ಕ ಒರಗಿ ನಿದ್ದೆ ಹೋಗುತ್ತಿದ್ದದ್ದು ನೆನಪಾಗಿ ಅವಳಿಗೆ ಅಳು ಬಂತು. ಹಾಗೆಂದು ಹೋಟೆಲಿನವರ ದಿನ ಕಾಯುತ್ತದೆಯೇ? ಕಣ್ಣೊರೆಸಿಕೊಂಡು ಮೂರೂ ಕಂಪನಿಗೆ ಫೋನು ಮಾಡಿದಳು.

ನಗುಮುಖ ಫೋನಿನಲ್ಲೂ ನಕ್ಕ, ವಿಮೆಯ ದುಡ್ಡು ನಾಳೆಯೇ ಬರುತ್ತದೆ ಎಂದ. ತನಗೆ ದುಡ್ಡು ಬೇಡ, ಒಡೆಯದ ಬೇಸಿನ್ ಬೇಕು ಎಂದರೆ ಅವನಿಗೆ ಅರ್ಥವೇ ಆಗಲಿಲ್ಲ. ಚುಕ್ಕೆರಾಯ ಚುಕ್ಕೆಯನ್ನು ತೆರೆದು ನೋಡಿ, ಪೆಟ್ಟಿಗೆ ಎಲ್ಲೂ ದಾರಿ ತಪ್ಪಿಲ್ಲ, ಆದ್ದರಿಂದ ಒಡೆದಿರಲು ಸಾಧ್ಯವೇ ಇಲ್ಲ ಎಂದು ವಾದಿಸಿದ. ಹಳದಿಯವನು ಎಲ್ಲವನ್ನೂ ಕೇಳಿಸಿಕೊಂಡು ನೋಡೋಣ ಎಂದ. ಅಕ್ಕ ಫೋನನ್ನು ಕುಕ್ಕಿ ಇಟ್ಟಳು. ಆದರೆ ಆ ಪುಣ್ಯಾತ್ಮ ಸಂಜೆಗೆ ಮೊದಲೇ ಸೈಕಲ್ಲು ತುಳಿದುಕೊಂಡು ನಿಜವಾಗಿಯೂ ನೋಡಲು ಬಂದ.

ಮೂರೂ ಬೇಸಿನ್ ತಿರುಗಿಸಿ ನೋಡಿದ. ಬಿರುಕು ಮೂರರಲ್ಲೂ ಅಂಚಿನ ಹತ್ತಿರ, ಒಂದೇ ಕಡೆ. ಕುಲುಕಿ ಒಡೆದಿದ್ದರೆ ಒಂದೊಂದು ಒಂದೊಂದು ಕಡೆ ಬಿಡಬೇಕಿತ್ತಲ್ಲ ಎಂದು ಗಡ್ಡ ಕೆರೆದುಕೊಂಡ. ಆಮೇಲೆ ಕೇಳಿದ:

"ಎಲ್ಲಿಗೂ ಕಳಿಸದೇ ಇರೋದು ಯಾವುದಾದ್ರೂ ಇದೆಯಾ ಅಮ್ಮಾ? ಅದನ್ನೂ ಒಂದ್ಸಲ ನೋಡೋಣ."

ದಾರಿಯಲ್ಲೇ ಇದ್ದ ನಾಲ್ಕನೆಯವನ ಪೆಟ್ಟಿಗೆ ಉಗ್ರಾಣದ ಮೂಲೆಯಲ್ಲಿ ಹಾಗೇ ಕೂತಿತ್ತು. ಕಟ್ಟಿದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ರೈಲೂ ಇಲ್ಲ, ಲಾರಿಯೂ ಇಲ್ಲ, ಕ್ರೇನೂ ಇಲ್ಲ. ತಮ್ಮನೂ ಹಳದಿಯವನೂ ಸೇರಿ ಕೊಂಡಿಯನ್ನು ಬಿಚ್ಚಲು ಹೆಣಗಾಡಿ ಸೋತು, ಕೊನೆಗೆ ಅಕ್ಕನೇ ಬಿಚ್ಚಬೇಕಾಯಿತು. ಬೇಸಿನ್ ಹೊರತೆಗೆದು ಕುಟ್ಟಿದಳು.

ಟಪ್.

ಅಕ್ಕ ಬಿಚ್ಚಿದ ಬೆಲ್ಟನ್ನು ಕೈಗೆತ್ತಿಕೊಂಡು ನೋಡಿದಳು. ಒಂದು ಇಂಚೂ ಕದಲದ ಬೇಸಿನ್ ಬಿರುಕು ಬಿಟ್ಟಿತ್ತು. ಬೆಲ್ಟು ಹಲಗೆಯನ್ನು ಒತ್ತಿ, ಹಲಗೆ ಅಂಚನ್ನು ಒತ್ತಿ, ದಿನಗಟ್ಟಲೆ ಒತ್ತಿ ಒತ್ತಿ ಬಿರುಕು ಬಿಡಿಸಿದ್ದು ಅವಳ ಕೈ. ಮಂಡಿಯೂರಿ, ಉಸಿರು ಕಟ್ಟಿ ಎಳೆದ ಕೊನೆಯ ಹಲ್ಲುಗಳು. ತಮ್ಮ ಅವಳ ಮುಖ ನೋಡಿದ. ತಮಾಷೆ ಮಾಡಲು ಅವನಿಗೆ ಇದಕ್ಕಿಂತ ಒಳ್ಳೆಯ ಸಮಯ ಜನ್ಮದಲ್ಲೇ ಸಿಕ್ಕಿರಲಿಲ್ಲ, ಆದರೂ ಸುಮ್ಮನೆ ಅವಳ ಭುಜದ ಮೇಲೆ ಕೈಯಿಟ್ಟ. ಒಂದು ಮಾತ್ರ ಅವಳಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಇದೇ ಕೈ ಇದೇ ಬೆಲ್ಟು ಬಿಗಿದಿತ್ತಲ್ಲ, ಮಾವ ಸಾಗಿಸಿದ್ದು ಒಂದೂ ಯಾಕೆ ಒಡೆಯಲಿಲ್ಲ?

ಅವಳು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಲಾರಿ ಸ್ಟ್ಯಾಂಡಿಗೆ ಹೋದಳು. ಮಾವ ಲಾರಿ ತೊಳೆಯುತ್ತಿದ್ದರು. ಕೊಳ್ಳುವವರು ಬರುವ ಹೊತ್ತಾಗಿತ್ತು. ಬಕೆಟ್ಟಿನ ಪಕ್ಕ ಮೂರು ಟೋಪಿ ತೊಳೆದು ಒಣಗಲು ಹಾಕಿದ್ದರು, ಕಂಪನಿಗಳಿಗೆ ವಾಪಸು ಕೊಡಲು. ಅವಳನ್ನು ಕಂಡು ಬಟ್ಟೆ ಹಿಂಡುವುದನ್ನು ನಿಲ್ಲಿಸಿದರು.

"ಏನಮ್ಮ, ಯಾವ ಟೋಪಿ ಹಾಕ್ಕೊಂಡು ಮಾತಾಡಲಿ?"

"ಯಾವುದೂ ಬೇಡ ಮಾವ," ಎಂದಳು ಅಕ್ಕ. "ತಪ್ಪು ನಂದು. ನಾನೇ ಬಿಗಿದು ಒಡೆದಿದ್ದು. ನಿಮ್ಮ ಲಾರಿ ಒಂದನ್ನೂ ಒಡೆದಿಲ್ಲ. ಅವತ್ತು ಲಾರಿ ಕಡೆ ನೋಡಿದೆನಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು."

ನಾಲ್ಕನೆಯ ಪೆಟ್ಟಿಗೆಯ ಕಥೆಯನ್ನು ಅವಳು ಬಿಕ್ಕುತ್ತಾ ಹೇಳಿದಳು. ಹೇಳಿ, ಮೊದಲೆಲ್ಲ ನನ್ನ ಪೆಟ್ಟಿಗೆಗಳಿಗೆ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ಮಾವ ಸಿಕ್ಕಿಬಿದ್ದ ಕಳ್ಳನ ಹಾಗೆ ತಲೆ ಕೆರೆದುಕೊಂಡರು. ಮೊದಲು ಹೇಳಲು ಒಪ್ಪಲಿಲ್ಲ. ಆಮೇಲೆ ಒಂದೊಂದೇ ಹೊರಬಂತು. ಅವಳ ಬೆಲ್ಟಿನ ಕೆಳಗೆ ಬೆರಳು ತೂರುತ್ತಿರಲಿಲ್ಲ. ಬೆರಳು ತೂರದೆ ಆ ಕಡೆ ಇಳಿಸುವುದು ಹೇಗೆ? ಅವಳ ಎದುರು ಸಡಿಲ ಮಾಡಿದರೆ ಬೈಗುಳ. ಅದಕ್ಕೇ ರಸ್ತೆಯ ತಿರುವು ದಾಟಿದ ಕೂಡಲೇ ಲಾರಿ ನಿಲ್ಲಿಸಿ ಎಲ್ಲ ಪೆಟ್ಟಿಗೆಗಳನ್ನೂ ಎರಡೆರಡು ಹಲ್ಲು ಸಡಿಲ ಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಬೇಸಿನ್ ಉಳಿಯಲಿ ಎಂದಲ್ಲ, ಬೆರಳು ಉಳಿಯಲಿ ಎಂದು. ಈ ಸಲ ಮಾತ್ರ ಸೀಲು ಬಿದ್ದಿತ್ತು, ರೂಲ್ಸು ಇತ್ತು, ತಾನು ಮಾವನಲ್ಲ ಡ್ರೈವರು ಎಂಬ ಹಟವೂ ಇತ್ತು. ಕೈ ಹಾಕಲಿಲ್ಲ.

"ನಿನ್ನ ಊಟದ ಡಬ್ಬೀನೂ ಅಷ್ಟೇ," ಎಂದರು ಮಾವ, ಹೇಳುವುದೇ ಆದರೆ ಎಲ್ಲ ಹೇಳಿಬಿಡುವ ಎಂಬಂತೆ. "ಒಂದು ದಿನಾನೂ ಕೈಯಲ್ಲಿ ತೆಗೆದಿಲ್ಲ ನಾನು. ಪಾನಾ ಹಾಕಿ ತೆಗೀತೀನಿ."

ಅವರು ಸೀಟಿನ ಕೆಳಗಿನಿಂದ ಆ ಪಾನಾ ತೆಗೆದು ತೋರಿಸಿದರು. ನಟ್ಟು ಬೋಲ್ಟಿಗೆ ಬಳಸುವುದಲ್ಲ ಇದು, ಊಟಕ್ಕೇ ಮೀಸಲು, ತೊಳೆದು ಇಟ್ಟಿರುತ್ತೇನೆ ಎಂದರು. ಅಳುತ್ತಿದ್ದ ಅಕ್ಕ ನಕ್ಕುಬಿಟ್ಟಳು. ನಗುತ್ತಲೇ ಬಕೆಟ್ಟಿನ ನೀರಿನಲ್ಲಿ ಬಟ್ಟೆ ಅದ್ದಿ, ಗಾಜಿನ ಮೇಲಿನ ಸುಣ್ಣದ ಅಕ್ಷರಗಳನ್ನು ತಾನೇ ಉಜ್ಜಿ ಅಳಿಸಿದಳು. ಕೊಳ್ಳಲು ಬಂದವನಿಗೆ ಲಾರಿ ಮಾರಿಹೋಯಿತು ಎಂದಳು. ಯಾರಿಗೆ ಎಂದು ಅವನು ಕೇಳಿದ್ದಕ್ಕೆ ಮನೆಯವರಿಗೇ ಎಂದಳು.

ಕಂಪನಿ ಆರಿಸುವುದು ಆಮೇಲೆ ಕಷ್ಟವಾಗಲಿಲ್ಲ. ದರ ನೋಡಿದರೆ ಕೆಂಪು, ಚುಕ್ಕೆ ನೋಡಿದರೆ ನೀಲಿ. ಆದರೆ ಲಾರಿ ನಮ್ಮದಲ್ಲ ಎಂದು ಬಾಯಿಬಿಟ್ಟು ಹೇಳಿದವನು, ತೊಂದರೆ ಎಂದಾಗ ಸೈಕಲ್ಲು ತುಳಿದು ಬಂದವನು ಒಬ್ಬನೇ. ಆರ್ಡರು ಹಳದಿಯವನಿಗೆ ಹೋಯಿತು. ಹೇಳಿದ ದಿನಕ್ಕೆ ಮುಟ್ಟಲೇಬೇಕು ಎಂದು ಅಕ್ಕ ಪಟ್ಟು ಹಿಡಿದಾಗ ಅವನು ಅಭ್ಯಾಸದಂತೆ ನೋಡೋಣ ಎಂದ. ಆದರೂ ಯಾರ್ಡಿಗೆ ತಾನೇ ಹೋಗಿ ಕೂತು ಮೊದಲು ಹೊರಡುವ ರೈಲಿನಲ್ಲಿ ಜಾಗ ಹಿಡಿದ.

ಮಾಲು ಹೊರಡುವ ದಿನ ಮಾವ ಹಳದಿ ಟೋಪಿ ಹಾಕಿಕೊಂಡೇ ಬಂದರು. ಈ ಸಲ ಮೊದಲು ಅಡುಗೆಮನೆಗೆ ಬಂದು, ಟೋಪಿಯನ್ನು ಕಿಟಕಿಯ ಮೊಳೆಗೆ ನೇತುಹಾಕಿ, ಎಂದಿನ ಕುರ್ಚಿಯಲ್ಲಿ ಕೂತು ಊಟ ಮಾಡಿದರು. ಕಂಪನಿ ರೂಲ್ಸು ಏನಾಯಿತು ಎಂದು ತಮ್ಮ ಕೇಳಿದ್ದಕ್ಕೆ ಊಟಕ್ಕೆ ಅರ್ಧ ಗಂಟೆ ರಜೆ ಇದೆಯಂತೆ ಎಂದರು. ಆಮೇಲೆ ಅಕ್ಕ ಬೆಲ್ಟು ಬಿಗಿದಳು, ಮಾವ ಪಕ್ಕದಲ್ಲಿ ನಿಂತು ಬೆರಳು ತೂರಿಸಿ ನೋಡಿದರು. ತೂರದಿದ್ದರೆ ಊಹೂಂ ಎನ್ನುತ್ತಿದ್ದರು, ಅಕ್ಕ ಒಂದು ಹಲ್ಲು ಬಿಡುತ್ತಿದ್ದಳು. ಪ್ರತಿ ಹಲ್ಲು ಬಿಡುವಾಗಲೂ ಅವಳ ಮುಖ ನೋಡಬೇಕಿತ್ತು, ಯಾರೋ ಅವಳ ಕೈಯಿಂದ ಒಡವೆ ಬಿಚ್ಚಿಸಿಕೊಳ್ಳುತ್ತಿದ್ದ ಹಾಗಿತ್ತು. ದಾರಿಗೆಂದು ಕಟ್ಟಿದ ಡಬ್ಬಿಯ ಮುಚ್ಚಳವನ್ನೂ ಅವಳು ಅವತ್ತು ಮೆತ್ತಗೆ ಮುಚ್ಚಿದಳು.

ಮಾಲು ಮುಟ್ಟಿತು ಎಂದು ಸುದ್ದಿ ಬಂದ ದಿನ ಅಕ್ಕ ಹೋಟೆಲಿನ ಉಗ್ರಾಣದವನಿಗೆ ಫೋನು ಮಾಡಿ, ಒಂದೊಂದನ್ನೂ ಬೆರಳಿನಿಂದ ಕುಟ್ಟಿ ಫೋನನ್ನು ಹತ್ತಿರ ಹಿಡಿಯಿರಿ ಎಂದು ಗೋಗರೆದಳು. ಅವನಿಗೆ ಇದೆಂಥ ಹುಚ್ಚು ಎನ್ನಿಸಿರಬೇಕು, ಆದರೂ ಕುಟ್ಟಿದ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. ಮೊದಲನೆಯದನ್ನು ಕೇಳಿದವಳೇ ಫೋನನ್ನು ಮಾವನ ಕಿವಿಗೆ ಹಿಡಿದಳು. ಟಣ್. ಮತ್ತೆ ಟಣ್. ಆ ತುದಿಯಿಂದ ಒಂದೊಂದಾಗಿ ಬರುತ್ತಲೇ ಇತ್ತು. ಎಲ್ಲ ಮುಗಿಯುವ ತನಕ ಮಾವ ಕದಲಲಿಲ್ಲ. ಮುಗಿದ ಮೇಲೆ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಡ್ಯೂಟಿಯ ಮೇಲಿರುವ ಚಾಲಕ ಅಳುವ ಹಾಗಿಲ್ಲ, ರೂಲ್ಸು ಎಂದ ತಮ್ಮ. ಅವನ ಕಣ್ಣೂ ಒದ್ದೆಯಾಗಿತ್ತು.

"ಅದೆಲ್ಲ ಸರಿ," ಎಂದರು ಮಾವ ಗಂಟಲು ಸರಿಮಾಡಿಕೊಂಡು. "ಅವತ್ತು ನೀನು ಕೊಟ್ಟ ಡಬ್ಬಿ ಮೊದಲ ತಿರುವಿನಲ್ಲೇ ಬಾಯಿ ಬಿಡ್ತು. ಊಟವೆಲ್ಲ ಸೀಟಿನ ಮೇಲೆ. ಇಡೀ ದಿನ ಉಪವಾಸ. ಬೇಸಿನ್ ನಿನ್ನಿಷ್ಟ, ಡಬ್ಬಿ ಮಾತ್ರ ಮೊದಲಿನ ಹಾಗೇ ಇರಲಿ ಕಣಮ್ಮ."

ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಮಧ್ಯಾಹ್ನದ ಬಾಡಿಗೆಗೆ ಡಬ್ಬಿ ತುಂಬಿ, ಮುಚ್ಚಳ ಹಾಕಿ, ಎದೆಗೆ ಒತ್ತಿಕೊಂಡು, ಉಸಿರು ಕಟ್ಟಿ ತಿರುಗಿಸಿದಳು. ಮಾವ ಪಾನಾ ಇದ್ದಲ್ಲೇ ಇದೆಯೋ ಇಲ್ಲವೋ ಎಂದು ನೋಡಲು ಲಾರಿಯ ಕಡೆ ಹೋದರು.